ಕೆಲೈಡೋಸ್ಕೋಪ್ ಹಾಕಿದ ಮೇಲೆ ಹಳೆ ಐಮ್ಯಾಕ್ ಸ್ಟಾರ್ಟ್ ಆಗ್ತಿಲ್ಲ, ಫಾರ್ಮ್ಯಾಟ್ ಮಾಡದೆ ಸರಿ ಮಾಡೋದು ಹೇಗೆ?

ನೀಲಿಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಸಹಾಯ ಮಾಡಿ.

ಅಪ್ಪ ದಾವಣಗೆರೆಯಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದರು. ಮದುವೆ ಕಾರ್ಡ್, ಬಿಲ್ ಬುಕ್, ಜಾತ್ರೆಯ ಪಾಂಪ್ಲೆಟ್, ಇಂಥವೇ ಕೆಲಸ. ಡಿಸೈನ್ ಮಾಡಲು ತಂದಿದ್ದ ನೀಲಿ ಐಮ್ಯಾಕ್ ಜಿ3 ಇನ್ನೂ ಮನೆಯಲ್ಲಿದೆ. 2000ದ ಮಾಡೆಲ್, 350 ಮೆಗಾಹರ್ಟ್ಸ್, ಮ್ಯಾಕ್ ಓಎಸ್ 9.1. ಹೋದ ತಿಂಗಳು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಸ್ವಿಚ್ ಹಾಕಿದೆ. ಆ ಗಂಟೆಯ ಸದ್ದು ಬಂತು ನೋಡಿ, ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ಎರಡು ವಾರ ಚೆನ್ನಾಗಿಯೇ ಓಡಿತು. ಅಪ್ಪನ ಹಳೆ ಸಿಡಿಗಳಲ್ಲಿ ಕೆಲೈಡೋಸ್ಕೋಪ್ ಸಿಕ್ಕಿತು, ಕಿಟಕಿ, ಮೆನುಗಳ ರೂಪ ಬದಲಿಸುವ ಪ್ರೋಗ್ರಾಮ್. ಚಿಕ್ಕವನಿದ್ದಾಗ ಆ ಸ್ಕ್ರೀನ್ ಮೇಲೆ ಮರದ ಹಲಗೆ ತರಹದ ಕಿಟಕಿಗಳನ್ನು ನೋಡಿದ ನೆನಪು. ಅದೇ ಇರಬೇಕು ಅಂತ ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ಈಗ ಸ್ಟಾರ್ಟ್ ಆಗುವಾಗ ಕೆಳಗೆ ಐಕಾನ್‌ಗಳು ಒಂದೊಂದಾಗಿ ಬಂದು ಕೂರುತ್ತವಲ್ಲ, ಎರಡನೇ ಸಾಲಿನ ಅರ್ಧಕ್ಕೆ ನಿಂತುಬಿಡುತ್ತದೆ. ಮೌಸ್ ಅಲ್ಲಾಡುವುದಿಲ್ಲ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದರೂ ಅದೇ ಜಾಗ.

ಇನ್ನೊಂದು ವಿಷಯ. ನಿಲ್ಲುವ ಮೊದಲು, ಸರಿಯಿದ್ದಾಗಲೂ, ತಾರೀಖು 1904 ಅಂತ ತೋರಿಸುತ್ತಿತ್ತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಒಳಗೆ ಅಪ್ಪನ 10 ವರ್ಷದ ಡಿಸೈನ್ ಇದೆ. ಅವರು ಈಗಿಲ್ಲ. ಹಾಗಾಗಿ ಧೈರ್ಯ ಸಾಲದೆ ಇಲ್ಲಿ ಕೇಳ್ತಾ ಇದ್ದೇನೆ.

ಕೋಡ್‌ಕಟ್ಟೆ:

ಸಿಸ್ಟಮ್ ಸಿಡಿ ಇದ್ದರೆ ಸಿ ಕೀ ಒತ್ತಿ ಹಿಡಿದು ಸಿಡಿಯಿಂದ ಸ್ಟಾರ್ಟ್ ಮಾಡಿ. ಫೈಲ್‌ಗಳನ್ನೆಲ್ಲ ಪೆನ್ ಡ್ರೈವ್‌ಗೆ ಹಾಕಿಕೊಂಡು ಫಾರ್ಮ್ಯಾಟ್ ಮಾಡಿ, ಓಎಸ್ ಹೊಸದಾಗಿ ಹಾಕಿ. ಒಂದು ಸಂಜೆಯ ಕೆಲಸ. ಹಳೆ ಎಕ್ಸ್‌ಟೆನ್ಶನ್ (ಸ್ಟಾರ್ಟ್ ಆಗುವಾಗ ಸಿಸ್ಟಮ್ ಜೊತೆ ಲೋಡ್ ಆಗುವ ಸಣ್ಣ ಪ್ರೋಗ್ರಾಮ್) ಹುಡುಕಿಕೊಂಡು ಕೂತರೆ ವಾರ ಹೋಗುತ್ತೆ.

ಹಳೇಮ್ಯಾಕ್:

ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ಇದನ್ನು ಮೊದಲು ಹೇಳಿ ಮುಂದಿನದು ಹೇಳ್ತೀನಿ.

ನಾನು 90ರ ದಶಕದಲ್ಲಿ ಬೆಂಗಳೂರಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡಿದವನು. ಕೋಡ್‌ಕಟ್ಟೆಯವರು ಹೇಳಿದ ದಾರಿ ಇವತ್ತಿನ ಕಂಪ್ಯೂಟರಿಗೆ ಸರಿ. ಆದರೆ ಹಳೆ ಮ್ಯಾಕ್‌ನಲ್ಲಿ ಒಂದು ಫೈಲಿಗೆ ಎರಡು ಭಾಗ ಇರುತ್ತವೆ, ಡೇಟಾ ಫೋರ್ಕ್ ಮತ್ತು ರಿಸೋರ್ಸ್ ಫೋರ್ಕ್. ಐಕಾನ್, ಮೆನು, ಕಿಟಕಿಯ ಚಿತ್ರ ಎಲ್ಲ ರಿಸೋರ್ಸ್ ಫೋರ್ಕ್‌ನಲ್ಲಿ. ಆ ಕಾಲದ ಮ್ಯಾಕ್ ಫಾಂಟ್‌ಗಳಂತೂ ಹೆಚ್ಚುಕಡಿಮೆ ಪೂರ್ತಿ ಅದರಲ್ಲೇ. ವಿಂಡೋಸ್‌ಗೆ ಈ ಎರಡನೇ ಭಾಗ ಗೊತ್ತೇ ಇಲ್ಲ. ಪೆನ್ ಡ್ರೈವ್‌ಗೆ ಎಳೆದು ವಿಂಡೋಸ್ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದರೆ ಫಾಂಟ್ ಫೈಲ್ ಹೆಸರು ಕಾಣುತ್ತೆ, ಸೈಜ್ ಸೊನ್ನೆ. ಇದು ಗೊತ್ತಾಗುವುದು ಡಿಸ್ಕ್ ಅಳಿಸಿದ ಮೇಲೆ. ನಿಮ್ಮ ಅಪ್ಪನ ಕನ್ನಡ ಫಾಂಟ್ ಹೋಯಿತು ಅಂದರೆ ಮದುವೆ ಕಾರ್ಡಿನ ಫೈಲ್ ಉಳಿದರೂ ತೆರೆದಾಗ ಅಕ್ಷರದ ಜಾಗದಲ್ಲಿ ಇಂಗ್ಲಿಷ್ ಚಿಹ್ನೆಗಳು ಚೆಲ್ಲಾಪಿಲ್ಲಿ ಬರುತ್ತವೆ. ಆಗಿನ ಕನ್ನಡ ಫಾಂಟ್‌ಗಳು ಯೂನಿಕೋಡ್ ಅಲ್ಲವಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂರಿಸಿದ್ದವು.

ಈಗ ನಿಮ್ಮ ತೊಂದರೆ. ಮೊದಲು ಹೀಗೆ ಮಾಡಿ. ಆನ್ ಮಾಡಿ, ಗಂಟೆ ಸದ್ದು ಆದ ತಕ್ಷಣ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಎಕ್ಸ್‌ಟೆನ್ಶನ್‌ಗಳು ಆಫ್ ಅಂತ ಒಂದು ಸಾಲು ಬರುತ್ತದೆ. ಡೆಸ್ಕ್‌ಟಾಪ್ ಬಂತು ಅಂದರೆ ಡಿಸ್ಕ್ ಚೆನ್ನಾಗಿದೆ, ತಕರಾರು ಎಕ್ಸ್‌ಟೆನ್ಶನ್‌ಗಳ ನಡುವೆ ಅಂತ ಅರ್ಥ. ಅಷ್ಟು ಮಾಡಿ ತಿಳಿಸಿ.

1904ರ ವಿಷಯ ಬೇರೆ. ಒಳಗಿನ ಬ್ಯಾಟರಿ ಸತ್ತಿದೆ. ಹಳೆ ಮ್ಯಾಕ್‌ನ ಗಡಿಯಾರ 1904ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತದೆ, ಎಣಿಕೆ ಸೊನ್ನೆಗೆ ಹೋದರೆ ಆ ದಿನಕ್ಕೇ ಬರುತ್ತದೆ. ಇದಕ್ಕೆ ಮಷೀನ್ ನಿಲ್ಲುವುದಿಲ್ಲ.

ನೀಲಿಪೆಟ್ಟಿಗೆ:

ಸರ್, ಶಿಫ್ಟ್ ಹಿಡಿದೆ. ಡೆಸ್ಕ್‌ಟಾಪ್ ಬಂತು! ಅಪ್ಪನ ಫೋಲ್ಡರ್ ಎಲ್ಲ ಇದೆ. ಅದಕ್ಕೂ ಮೊದಲು ಡಿಸ್ಕ್ ಪರೀಕ್ಷೆ ಮಾಡುವ ಒಂದು ಪಟ್ಟಿ ತಾನಾಗೇ ಓಡಿತು, ಅದು ಸರಿಯಾ?

ಹಳೇಮ್ಯಾಕ್:

ಸರಿ. ಮ್ಯಾಕ್ ಓಎಸ್ 8.5ರಿಂದ ಈಚೆಗೆ, ಸರಿಯಾಗಿ ಶಟ್‌ಡೌನ್ ಮಾಡದೆ ಆಫ್ ಆಗಿದ್ದರೆ ಮುಂದಿನ ಸಲ ಡಿಸ್ಕ್ ಫಸ್ಟ್ ಏಡ್ ತಾನೇ ಓಡುತ್ತದೆ. ಅದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ.

ಮುಂದಿನ ಹೆಜ್ಜೆಗೆ ಮೊದಲು ಒಳಗೆ ಏನು ನಡೆಯುತ್ತಿದೆ ಅಂತ ಹೇಳಿಬಿಡ್ತೀನಿ. ಅದು ತಿಳಿದರೆ ಯಾವ ಹಳೆ ಮ್ಯಾಕ್ ಆದರೂ ನೀವೇ ಸರಿ ಮಾಡಬಹುದು.

ಕಿಟಕಿ ಬರೆಯುವುದು, ಮೆನು ಇಳಿಸುವುದು, ಬಟನ್ ತೋರಿಸುವುದು, ಇವನ್ನೆಲ್ಲ ಪ್ರತಿ ಪ್ರೋಗ್ರಾಮ್ ತಾನೇ ಮಾಡುವುದಿಲ್ಲ, ಸಿಸ್ಟಮ್‌ಗೆ ಹೇಳುತ್ತದೆ. ಯಾವ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಅನ್ನುವ ಒಂದು ಪಟ್ಟಿ ಮೆಮೊರಿಯಲ್ಲಿ ಇರುತ್ತದೆ. ಎಕ್ಸ್‌ಟೆನ್ಶನ್ ಮಾಡುವುದು ಇಷ್ಟೇ: ಸ್ಟಾರ್ಟ್ ಆಗುವಾಗ ಆ ಪಟ್ಟಿಯಲ್ಲಿ ಒಂದು ಸಾಲು ಹೊಡೆದು ತನ್ನ ವಿಳಾಸ ಬರೆಯುತ್ತದೆ. ಮೊದಲಿದ್ದ ವಿಳಾಸ ತಾನು ನೆನಪಿಟ್ಟುಕೊಂಡು, ತನ್ನ ಕೆಲಸ ಮುಗಿದ ಮೇಲೆ ಅಲ್ಲಿಗೆ ಕಳಿಸುತ್ತದೆ. ಎರಡನೆಯದು ಬಂದು ಅದೇ ಸಾಲನ್ನು ಮತ್ತೆ ತಿದ್ದುತ್ತದೆ. ಹೀಗೆ ಸರಪಳಿ ಬೆಳೆಯುತ್ತದೆ. ನಡುವೆ ಒಬ್ಬ ಹಿಂದಿನವನ ವಿಳಾಸ ಮರೆತರೆ, ಅಥವಾ ಹಿಂದಿನವನು ಹೀಗೇ ಇರುತ್ತಾನೆ ಅಂತ ನಂಬಿ ಕೆಲಸ ಮಾಡಿದರೆ, ಸರಪಳಿ ಅಲ್ಲೇ ತುಂಡು. ಓಎಸ್ 9ರಲ್ಲಿ ಪ್ರೋಗ್ರಾಮ್‌ಗಳ ಮೆಮೊರಿ ನಡುವೆ ಗೋಡೆ ಇಲ್ಲ, ಹಾಗಾಗಿ ಒಂದು ಬಿದ್ದರೆ ಇಡೀ ಮಷೀನ್ ನಿಲ್ಲುತ್ತದೆ.

ಕೆಲೈಡೋಸ್ಕೋಪ್ ಇಂಥ ತಿದ್ದುಪಡಿಯಲ್ಲಿ ದೊಡ್ಡದು. ಗ್ರೆಗ್ ಲ್ಯಾಂಡ್‌ವೆಬರ್ ಮತ್ತು ಆರ್ಲೋ ರೋಸ್ ಬರೆದದ್ದು, 1996ರಲ್ಲಿ ಬಂತು. ಕಿಟಕಿ, ಮೆನು, ಬಟನ್ ಬರೆಯುವ ಸಿಸ್ಟಮ್‌ನ ತುಣುಕುಗಳನ್ನೇ ತೆಗೆದು ತನ್ನದು ಕೂರಿಸುತ್ತದೆ. ಬಹಳ ಜಾಗ್ರತೆಯಿಂದ ಬರೆದ ಪ್ರೋಗ್ರಾಮ್ ಅದು, ಒಂಟಿಯಾಗಿ ಇದ್ದಾಗ ನನಗೆ ತೊಂದರೆ ಕೊಟ್ಟ ನೆನಪಿಲ್ಲ. ಆಪಲ್ ತಾನೇ 8.5ಕ್ಕೆ ಹೈಟೆಕ್, ಗಿಜ್ಮೋ ಅಂತ ಥೀಮ್‌ಗಳನ್ನು ತಯಾರು ಮಾಡಿ, ಕೊನೆಗೆ 1998ರಲ್ಲಿ ಓಎಸ್ ಹೊರಬಂದಾಗ ಪ್ಲಾಟಿನಮ್ ಒಂದನ್ನೇ ಉಳಿಸಿತು. ಹೀಗಾಗಿ ಬಣ್ಣ ಬೇಕಾದವರೆಲ್ಲ ಕೆಲೈಡೋಸ್ಕೋಪ್ ಹಿಡಿದರು. ಅದಕ್ಕಾಗಿ ಜನ ಸಾವಿರಾರು ಸ್ಕೀಮ್, ಅಂದರೆ ಬೇರೆ ಬೇರೆ ರೂಪದ ಫೈಲ್‌ಗಳನ್ನು ಮಾಡಿದರು.

ಅದೇ ಕಿಟಕಿ, ಅದೇ ಮೆನುವಿಗೆ ಕೈ ಹಾಕುವ ಇನ್ನೊಂದು ಯುಟಿಲಿಟಿ ನಿಮ್ಮ ಅಪ್ಪನ ಮಷೀನ್‌ನಲ್ಲಿ ಮೊದಲೇ ಇರಬೇಕು ಅಂತ ನನ್ನ ಅಂದಾಜು. ಹುಡುಕೋಣ.

ರೀಸ್ಟಾರ್ಟ್ ಕೊಟ್ಟು ಈ ಸಲ ಸ್ಪೇಸ್ ಬಾರ್ ಒತ್ತಿ ಹಿಡಿಯಿರಿ. ಎಕ್ಸ್‌ಟೆನ್ಶನ್ಸ್ ಮ್ಯಾನೇಜರ್ ತೆರೆಯುತ್ತದೆ. ವ್ಯೂ ಮೆನುವಿನಲ್ಲಿ ಪ್ಯಾಕೇಜ್ ಪ್ರಕಾರ ತೋರಿಸುವ ಸಾಲು ಇದೆ, ಅದನ್ನು ಆರಿಸಿ. ಆಗ ಆಪಲ್‌ನ ಮ್ಯಾಕ್ ಓಎಸ್ 9.1 ಒಂದು ಗುಂಪಾಗಿ, ಹೊರಗಿನವು ಬೇರೆ ಗುಂಪಾಗಿ ಕಾಣುತ್ತವೆ. ಹೊರಗಿನವು ಎಷ್ಟಿವೆ ಎಣಿಸಿ, ಹೆಸರು ಪೇಪರಿನ ಮೇಲೆ ಬರೆದುಕೊಳ್ಳಿ. ಫೋನಿನಲ್ಲಿ ಫೋಟೊ ಬೇಡ, ಬರೆದುಕೊಳ್ಳಿ. ಟಿಕ್ ಹಾಕಲು, ಅಳಿಸಲು ಪೇಪರೇ ಸುಲಭ.

ಕಡಲೂರ:

ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟಿಕ್ ತೆಗೆದರೆ ಫೈಲ್ ಅಳಿಸಿ ಹೋಗಲ್ಲ. ಸಿಸ್ಟಮ್ ಫೋಲ್ಡರ್ ಒಳಗೇ ‘ಡಿಸೇಬಲ್ಡ್’ ಅಂತ ಕೊನೆಯಲ್ಲಿ ಬರೆದಿರುವ ಇನ್ನೊಂದು ಫೋಲ್ಡರಿಗೆ ಹೋಗುತ್ತೆ ಅಷ್ಟೇ. ಟಿಕ್ ಹಾಕಿದರೆ ವಾಪಸ್. ಹೆದರಬೇಡಿ.

ನೀಲಿಪೆಟ್ಟಿಗೆ:

ಎಣಿಸಿದೆ. ಕೆಲೈಡೋಸ್ಕೋಪ್ ಬಿಟ್ಟು ಹೊರಗಿನವು 22 ಇವೆ. ಸ್ಕ್ಯಾನರ್‌ದು, ಪ್ರಿಂಟರ್‌ದು, ಫಾಂಟ್ ಆನ್ ಆಫ್ ಮಾಡುವುದು, ಏನೇನೋ. ಕೆಲವು ಹೆಸರು ನೋಡಿದರೆ ಏನಂತಲೇ ತಿಳಿಯಲ್ಲ.

ಹಳೇಮ್ಯಾಕ್:

ತಿಳಿಯಬೇಕಾಗಿಯೂ ಇಲ್ಲ. ಅರ್ಧ ಅರ್ಧ ಮಾಡುತ್ತಾ ಹೋಗಿ. 22ರಲ್ಲಿ 11ರ ಟಿಕ್ ತೆಗೆಯಿರಿ, ರೀಸ್ಟಾರ್ಟ್ ಕೊಡಿ. ಸರಿಯಾಗಿ ಎದ್ದರೆ ಕಳ್ಳ ತೆಗೆದ 11ರಲ್ಲಿದ್ದಾನೆ. ಮತ್ತೆ ನಿಂತರೆ ಉಳಿದ 11ರಲ್ಲಿ. ಆಮೇಲೆ ಆ 11ರಲ್ಲಿ ಅರ್ಧ. ಹೆಚ್ಚೆಂದರೆ ಐದು ರೀಸ್ಟಾರ್ಟ್‌ಗೆ ಸಿಗುತ್ತಾನೆ. ಒಂದೊಂದಾಗಿ ತೆಗೆದರೆ 22 ಸಲ ಕಾಯಬೇಕು.

ಎಲ್ಲಕ್ಕಿಂತ ಮುಖ್ಯ, ಪ್ರತಿ ಸಲವೂ ಕೆಲೈಡೋಸ್ಕೋಪ್ ಆನ್ ಇರಲಿ. ಇಲ್ಲಿ ಜಗಳ ಇಬ್ಬರ ನಡುವೆ. ಅದನ್ನು ಆಫ್ ಮಾಡಿ ಹುಡುಕಿದರೆ ಮಷೀನ್ ಪ್ರತಿ ಸಲವೂ ಚೆನ್ನಾಗೇ ಎದ್ದೇಳುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಈ ತಪ್ಪು ಮಾಡಿ ಇಡೀ ರಾತ್ರಿ ಕಳೆದವರನ್ನು ಕಂಡಿದ್ದೇನೆ.

ಆಗ ಇದೇ ಕೆಲಸಕ್ಕೆ ಕಾನ್‌ಫ್ಲಿಕ್ಟ್ ಕ್ಯಾಚರ್ ಅಂತ ಪ್ರೋಗ್ರಾಮ್ ಇತ್ತು. ಯಾವುದನ್ನು ಆಫ್ ಮಾಡಬೇಕು ಅಂತ ಅದೇ ಲೆಕ್ಕ ಹಾಕಿ, ಪ್ರತಿ ರೀಸ್ಟಾರ್ಟ್ ಆದಮೇಲೆ ‘ಸರಿಯಾಯಿತಾ’ ಅಂತ ಕೇಳುತ್ತಿತ್ತು. ಬರೆದವರು ಜೆಫ್ ರಾಬಿನ್. ಮುಂದೆ ಅವರೂ ಜೊತೆಗಾರರೂ ಸೇರಿ ಸೌಂಡ್‌ಜ್ಯಾಮ್ ಅನ್ನುವ ಹಾಡು ಕೇಳಿಸುವ ಪ್ರೋಗ್ರಾಮ್ ಮಾಡಿದ್ದು, ಅದನ್ನು ಆಪಲ್ ಕೊಂಡು 2001ರಲ್ಲಿ ಐಟ್ಯೂನ್ಸ್ ಆಗಿ ಬಿಟ್ಟಿತು. ನಿಮ್ಮ ಅಪ್ಪನ ಸಿಡಿಗಳಲ್ಲಿ ಅದೂ ಸಿಕ್ಕರೆ ಬಳಸಿ, ಇಲ್ಲದಿದ್ದರೆ ಪೇಪರ್ ಪೆನ್ನು ಸಾಕು.

ನೀಲಿಪೆಟ್ಟಿಗೆ:

ಸಿಕ್ಕಿತು! ನಾಲ್ಕನೇ ರೀಸ್ಟಾರ್ಟ್‌ಗೇ ಗೊತ್ತಾಯಿತು. ಆಪಲ್ ಮೆನುವಿನ ಒಳಗೆ ಫೋಲ್ಡರ್‌ಗಳನ್ನು ಉಪಮೆನುವಾಗಿ ತೆರೆದು ತೋರಿಸುವ ಒಂದು ಶೇರ್‌ವೇರ್ (ಬಳಸಿ ನೋಡಿ ಆಮೇಲೆ ದುಡ್ಡು ಕೊಡುವ ಪ್ರೋಗ್ರಾಮ್). 1994ರದ್ದು. ಅದನ್ನು ತೆಗೆದು ಉಳಿದ 21ನ್ನೂ ಹಾಕಿದೆ, ಕೆಲೈಡೋಸ್ಕೋಪ್ ಸಮೇತ ಎದ್ದಿತು. ಮತ್ತೆ ಅದನ್ನು ಹಾಕಿದೆ, ಮತ್ತೆ ಅದೇ ಜಾಗದಲ್ಲಿ ನಿಂತಿತು. ಈಗ ಅನುಮಾನವೇ ಇಲ್ಲ.

ಆದರೆ ಸರ್, ಅಪ್ಪ ಅದನ್ನು ದಿನಾ ಬಳಸುತ್ತಿದ್ದರು. ಮೆನುವಿನಲ್ಲಿ ಗಿರಾಕಿಗಳ ಹೆಸರಿನ ಫೋಲ್ಡರ್ ಜೋಡಿಸಿ ಇಟ್ಟಿದ್ದಾರೆ. ಎರಡೂ ಒಟ್ಟಿಗೆ ಇರಲು ದಾರಿ ಇಲ್ಲವಾ?

ಹಳೇಮ್ಯಾಕ್:

ಬಹಳ ಸಂತೋಷ. ವಾಪಸ್ ಹಾಕಿ ನೋಡಿದ್ದು ಇನ್ನೂ ಒಳ್ಳೆಯದು.

ಒಂದು ಪ್ರಯತ್ನ ಮಾಡಬಹುದು. ಎಕ್ಸ್‌ಟೆನ್ಶನ್ಸ್ ಫೋಲ್ಡರ್‌ನವು ಮೊದಲು ಲೋಡ್ ಆಗುತ್ತವೆ, ಆಮೇಲೆ ಕಂಟ್ರೋಲ್ ಪ್ಯಾನೆಲ್ಸ್ (ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮ್‌ಗಳ) ಫೋಲ್ಡರ್‌ನವು, ಕೊನೆಗೆ ಸಿಸ್ಟಮ್ ಫೋಲ್ಡರ್‌ನಲ್ಲಿ ಬಿಡಿಯಾಗಿ ಇರುವವು. ಪ್ರತಿ ಫೋಲ್ಡರ್ ಒಳಗೆ ಅಕ್ಷರದ ಕ್ರಮ. ಹೆಸರಿನ ಮುಂದೆ ಒಂದು ಸ್ಪೇಸ್ ಹಾಕಿದರೆ ಮೊದಲು ಬರುತ್ತದೆ, ಅಲೆಯಂಥ ಟಿಲ್ಡೆ ಚಿಹ್ನೆ ಹಾಕಿದರೆ ಕೊನೆಗೆ ಹೋಗುತ್ತದೆ. ಕೆಲೈಡೋಸ್ಕೋಪ್ ಕಂಟ್ರೋಲ್ ಪ್ಯಾನೆಲ್. ಆ ಮೆನು ಯುಟಿಲಿಟಿ ಎಲ್ಲಿದೆ ನೋಡಿ, ಅದರ ಸರದಿ ಬದಲಾಯಿಸಿ.

ಇನ್ನೊಂದು, ಅದರ ಸೆಟ್ಟಿಂಗ್‌ಗಳನ್ನು ಉಳಿಸಿಡುವ ಪ್ರಿಫರೆನ್ಸಸ್ ಫೈಲ್ ಹಾಳಾಗಿದ್ದರೂ ಹೀಗಾಗಬಹುದು. ಸಿಸ್ಟಮ್ ಫೋಲ್ಡರ್‌ನ ಪ್ರಿಫರೆನ್ಸಸ್‌ನಿಂದ ಆ ಫೈಲನ್ನು ಡೆಸ್ಕ್‌ಟಾಪ್‌ಗೆ ಎಳೆದಿಟ್ಟು ನೋಡಿ. ಅಳಿಸಬೇಡಿ, ಹೊರಗಿಡಿ ಸಾಕು.

ಇದಕ್ಕೂ ಬಗ್ಗದಿದ್ದರೆ ಆ ಯುಟಿಲಿಟಿ ಬಿಟ್ಟುಬಿಡಿ. ಸಿಸ್ಟಮ್ 7.5ರಿಂದ ಆಪಲ್ ತಾನೇ ಉಪಮೆನು ತೋರಿಸುವ ಸೌಲಭ್ಯ ಕೊಟ್ಟಿದೆ, ಆಪಲ್ ಮೆನು ಆಪ್ಶನ್ಸ್ ಅನ್ನುವ ಕಂಟ್ರೋಲ್ ಪ್ಯಾನೆಲ್ ಆನ್ ಮಾಡಿದರೆ ಸಾಕು. ಫೋಲ್ಡರ್‌ಗಳು ಹೇಗೂ ಆಪಲ್ ಮೆನು ಐಟಮ್ಸ್ ಒಳಗೇ ಇರುತ್ತವೆ, ಎಲ್ಲಿಗೂ ಹೋಗಲ್ಲ. 1994ರ ಆ ಯುಟಿಲಿಟಿ ಬರೆದವರ ಎದುರು ಓಎಸ್ 9 ಇರಲಿಲ್ಲ, ಅವರದು ತಪ್ಪು ಅಂತ ನಾನು ಹೇಳಲ್ಲ.

ಅಟ್ಲಾಂಟಿಕ್‌ಆಚೆ:

ಈ ಚರ್ಚೆ ಓದಿ ನನಗೆ 2007 ನೆನಪಾಯಿತು. ಆಗ ತಾನೇ ಅಮೆರಿಕಕ್ಕೆ ಬಂದಿದ್ದೆ. ಅಕ್ಟೋಬರ್ 26ಕ್ಕೆ ಮ್ಯಾಕ್‌ನ ಹೊಸ ಓಎಸ್ ಲೆಪರ್ಡ್ ಬಂತು. ಅಪ್‌ಗ್ರೇಡ್ ಮಾಡಿದ ಎಷ್ಟೋ ಜನರಿಗೆ ರೀಸ್ಟಾರ್ಟ್ ಆದಮೇಲೆ ಬರೀ ನೀಲಿ ಸ್ಕ್ರೀನ್. ಕಾರಣ ಮತ್ತೆ ಇದೇ ಜಾತಿಯದು. ಅನ್‌ಸ್ಯಾನಿಟಿ ಕಂಪನಿಯವರ ಅಪ್ಲಿಕೇಶನ್ ಎನ್‌ಹಾನ್ಸರ್, ಎಪಿಇ ಅಂತ ಕರೆಯುತ್ತಿದ್ದರು, ಅದರ ಹಳೆ ವರ್ಷನ್. ಕಿಟಕಿಗಳ ರೂಪ, ವರ್ತನೆ ಬದಲಿಸುವ ಶೇಪ್‌ಶಿಫ್ಟರ್, ವಿಂಡೋಶೇಡ್ ಎಕ್ಸ್ ಎಲ್ಲ ಅದರ ಬೆನ್ನಮೇಲೆ ಕೂತು ಓಡುತ್ತಿದ್ದವು.

ಓಎಸ್ ಎಕ್ಸ್‌ನಲ್ಲಿ ಪ್ರೋಗ್ರಾಮ್‌ಗಳ ನಡುವೆ ಗೋಡೆ ಬಂದಿತ್ತು ನಿಜ. ಆದರೆ ಎಪಿಇ ಆ ಗೋಡೆ ದಾಟಿ ಪ್ರತಿ ಪ್ರೋಗ್ರಾಮ್ ಒಳಗೂ ತನ್ನ ಕೋಡ್ ಸೇರಿಸುತ್ತಿತ್ತು. ಹೊಸ ಓಎಸ್ ಒಳಗಿನ ಜೋಡಣೆ ಬದಲಾದಾಗ ಲಾಗಿನ್ ಪರದೆಗೂ ಬರಲಾಗದೆ ನಿಂತಿತು. ಕಮಾಂಡ್ ಮತ್ತು ಎಸ್ ಹಿಡಿದು ಬರೀ ಕಮಾಂಡ್ ಟೈಪ್ ಮಾಡುವ ಸಿಂಗಲ್ ಯೂಸರ್ ಮೋಡ್‌ಗೆ ಹೋಗಿ ಅದರ ಫೈಲ್‌ಗಳನ್ನು ಕೈಯಾರೆ ಅಳಿಸಬೇಕಿತ್ತು, ಇಲ್ಲವೇ ಹಳೆ ಸಿಸ್ಟಮ್ ಪಕ್ಕಕ್ಕಿಟ್ಟು ಹೊಸದು ಹಾಕುವ ಆರ್ಕೈವ್ ಅಂಡ್ ಇನ್‌ಸ್ಟಾಲ್ ಮಾಡಬೇಕಿತ್ತು. ಕೆಲವರಿಗೆ ತಮ್ಮ ಮ್ಯಾಕ್‌ನಲ್ಲಿ ಅದು ಇರುವುದೇ ಗೊತ್ತಿರಲಿಲ್ಲ, ಯಾಕಂದರೆ ಮೌಸ್‌ನ ಸಾಫ್ಟ್‌ವೇರ್ ಜೊತೆ ಬಂದು ಸೇರಿತ್ತು.

ಪಿಪಿಸಿ (ಪವರ್‌ಪಿಸಿ ಚಿಪ್‌ನ ಹಳೆ) ಮ್ಯಾಕ್‌ನಲ್ಲಿ ಲೆಪರ್ಡ್‌ಗೂ ಹಿಂದಿನ ಓಎಸ್‌ಗಳಾದ ಪ್ಯಾಂಥರ್, ಟೈಗರ್ ಓಡಿಸುವವರು ಇಲ್ಲಿ ಇದ್ದರೆ ಹೇಳ್ತೀನಿ, ಎರಡು ಬಗೆಯ ಯುಟಿಲಿಟಿಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಟಿಂಕರ್‌ಟೂಲ್ ಥರದ್ದು ಆಪಲ್ ಬಚ್ಚಿಟ್ಟ ಸೆಟ್ಟಿಂಗ್‌ಗಳನ್ನು ಆನ್ ಆಫ್ ಮಾಡುತ್ತದೆ ಅಷ್ಟೇ, ಆಮೇಲೆ ಅದು ಓಡಬೇಕಾಗಿಯೂ ಇಲ್ಲ. ಅದರಿಂದ ಮಷೀನ್ ನಿಲ್ಲುವುದು ಕಡಿಮೆ. ಎಪಿಇ, ಸಿಂಬಲ್ ಥರದವು ಓಡುವ ಪ್ರೋಗ್ರಾಮ್‌ಗೇ ಕೈ ಹಾಕುತ್ತವೆ. ಓಎಸ್ ಅಪ್‌ಡೇಟ್ ಮಾಡುವ ಮೊದಲು ಇವನ್ನು ತೆಗೆಯಲೇಬೇಕು. 2015ರಲ್ಲಿ ಎಲ್ ಕ್ಯಾಪಿಟನ್ ಅನ್ನುವ ಓಎಸ್ ಬಂದು ಸಿಸ್ಟಮ್ ಫೈಲ್‌ಗಳಿಗೆ ಬೀಗ ಹಾಕಿತು, ಈ ಆಟ ಬಹುಮಟ್ಟಿಗೆ ಮುಗಿಯಿತು.

ಕೋಡ್‌ಕಟ್ಟೆ:

ಅಕ್ಕ, ಇದು ಗೊತ್ತಿರಲಿಲ್ಲ, ಥ್ಯಾಂಕ್ಸ್. ಫಾಂಟ್ ಸೊನ್ನೆ ಆಗುವ ವಿಷಯವೂ ಗೊತ್ತಿರಲಿಲ್ಲ. ನಾನು ಹೇಳಿದ ಫಾರ್ಮ್ಯಾಟ್ ಸಲಹೆ ವಾಪಸ್ ತಗೋತೀನಿ.

ಒಂದು ಉಪಯೋಗದ ಮಾತು ನನ್ನಿಂದ. ಹೊಸ ಯುಟಿಲಿಟಿ ಸಿಕ್ಕಾಗ ಅಪ್ಪನ ಮಷೀನ್ ಮೇಲೆ ನೇರ ಹಾಕುವ ಬದಲು ಲ್ಯಾಪ್‌ಟಾಪ್‌ನಲ್ಲಿ ಶೀಪ್‌ಶೇವರ್ ಎಮ್ಯುಲೇಟರ್ (ಹಳೆ ಮ್ಯಾಕ್‌ನಂತೆ ನಟಿಸುವ ಪ್ರೋಗ್ರಾಮ್) ಹಾಕಿ ಅಲ್ಲಿ ಪರೀಕ್ಷೆ ಮಾಡಿ. ಅದು ಓಎಸ್ 9.0.4ರವರೆಗೆ ಮಾತ್ರ ಓಡುತ್ತದೆ, 9.1 ಬೇಕಿದ್ದರೆ ಕ್ಯೂಇಎಂಯು ಅನ್ನುವ ಇನ್ನೊಂದು ಎಮ್ಯುಲೇಟರ್.

ನೀಲಿಪೆಟ್ಟಿಗೆ:

ಸರದಿ ಬದಲಿಸಿ ನೋಡಿದೆ. ಸ್ಟಾರ್ಟ್ ಆಯಿತು, ಆದರೆ ಉಪಮೆನು ತೆರೆದ ಕೂಡಲೇ ನಿಂತಿತು. ಪ್ರಿಫರೆನ್ಸಸ್ ಹೊರಗಿಟ್ಟರೂ ಅಷ್ಟೇ. ಹಾಗಾಗಿ ಆ ಯುಟಿಲಿಟಿ ಆಫ್ ಮಾಡಿ, ಸರ್ ಹೇಳಿದಂತೆ ಆಪಲ್ ಮೆನು ಆಪ್ಶನ್ಸ್ ಆನ್ ಮಾಡಿದೆ. ಅಪ್ಪನ ಫೋಲ್ಡರ್‌ಗಳು ಹಾಗೇ ಉಪಮೆನುವಾಗಿ ಬಂದವು!

ಈಗ ಇನ್ನೊಂದು. ನೆಟ್‌ನಿಂದ ಒಂದು ಮರದ ಸ್ಕೀಮ್ ಇಳಿಸಿದೆ. ಕೆಲೈಡೋಸ್ಕೋಪ್ ಪಟ್ಟಿಯಲ್ಲಿ ಬರ್ತಿಲ್ಲ. ಫೈಲ್ ಬಿಳಿ ಹಾಳೆಯ ಐಕಾನ್‌ನಲ್ಲಿ ಕಾಣುತ್ತೆ.

ಕಡಲೂರ:

ಡೌನ್‌ಲೋಡ್ ಮಾಡಿದ್ದನ್ನು ವಿಂಡೋಸ್‌ನಲ್ಲೇ ಬಿಚ್ಚಿದಿರಾ?

ನೀಲಿಪೆಟ್ಟಿಗೆ:

ಹೌದು. ಸಿಟ್ ಫೈಲ್ ಇತ್ತು, ಜಿಪ್ ಥರ ಒತ್ತಿ ಕಟ್ಟಿದ್ದು. ಲ್ಯಾಪ್‌ಟಾಪ್‌ನಲ್ಲಿ ಬಿಚ್ಚಿ ಪೆನ್ ಡ್ರೈವ್‌ಗೆ ಹಾಕಿದೆ.

ಕಡಲೂರ:

ಅಲ್ಲೇ ಹೋಗಿದ್ದು. ಸ್ಕೀಮ್ ಅಂದರೆ ಪೂರ್ತಿ ರಿಸೋರ್ಸ್ ಫೋರ್ಕ್. ವಿಂಡೋಸ್‌ನಲ್ಲಿ ಬಿಚ್ಚಿದ ಕೂಡಲೇ ತಿರುಳು ಹೋಗಿ ಸಿಪ್ಪೆ ಉಳಿಯಿತು. ಸಿಟ್ ಫೈಲನ್ನು ಬಿಚ್ಚದೆ ಹಾಗೇ ಐಮ್ಯಾಕ್‌ಗೆ ತನ್ನಿ, ಅಲ್ಲಿನ ಡಿಸ್ಕ್‌ಗೆ ಕಾಪಿ ಮಾಡಿ, ಅಲ್ಲೇ ಸ್ಟಫಿಟ್ ಎಕ್ಸ್‌ಪ್ಯಾಂಡರ್‌ನಲ್ಲಿ ಬಿಚ್ಚಿ. ಡಬಲ್ ಕ್ಲಿಕ್‌ಗೆ ತೆರೆಯದಿದ್ದರೆ ಎಕ್ಸ್‌ಪ್ಯಾಂಡರ್ ಐಕಾನ್ ಮೇಲೆ ಎಳೆದು ಬಿಡಿ.

ಬ್ಯಾಕಪ್‌ಗೂ ಇದೇ ನಿಯಮ. ಅಪ್ಪನ ಫಾಂಟ್ ಮತ್ತು ಡಿಸೈನ್ ಫೋಲ್ಡರ್‌ಗಳನ್ನು ಐಮ್ಯಾಕ್‌ನಲ್ಲೇ ಸ್ಟಫ್ ಮಾಡಿ (ಸಿಟ್ ಫೈಲಾಗಿ ಕಟ್ಟಿ), ಅಥವಾ ಡಿಸ್ಕ್ ಕಾಪಿ ಅನ್ನುವ ಪ್ರೋಗ್ರಾಮ್‌ನಲ್ಲಿ ಒಂದೇ ಇಮೇಜ್ ಫೈಲ್ ಮಾಡಿ, ಆಮೇಲೆ ಪೆನ್ ಡ್ರೈವ್. ಒಂದು ಬ್ಯಾಕಪ್ ಬಿಚ್ಚಿ ಫಾಂಟ್ ತೆರೆಯುತ್ತಾ ಅಂತ ಖಚಿತ ಮಾಡಿಕೊಳ್ಳಿ.

ನೀಲಿಪೆಟ್ಟಿಗೆ:

ಮೂರು ದಿನ ಬಿಟ್ಟು ಬರೀತಾ ಇದ್ದೇನೆ. ಎಲ್ಲ ಸರಿಯಾಯಿತು.

ಸಿಟ್ ಫೈಲ್ ಐಮ್ಯಾಕ್‌ನಲ್ಲೇ ಬಿಚ್ಚಿದೆ, ಸ್ಕೀಮ್ ಬಂತು. ಕಿಟಕಿಯ ಅಂಚಿಗೆ ಮರದ ಗೆರೆಗಳು, ಮೂಲೆಯಲ್ಲಿ ಹಿತ್ತಾಳೆ ಮೊಳೆಯಂಥ ಮುಚ್ಚುವ ಬಟನ್. ನನಗೆ ನೆನಪಿದ್ದದ್ದು ಇದೇನಾ ಅಂತ ಖಚಿತ ಇಲ್ಲ, ಆದರೆ ಅಮ್ಮ ನೋಡಿ ‘ಹೀಗೇ ಇರ್ತಿತ್ತು’ ಅಂದರು. ಫಾಂಟ್ ಫೋಲ್ಡರ್ ಸ್ಟಫ್ ಮಾಡಿ ಎರಡು ಪೆನ್ ಡ್ರೈವ್‌ಗೆ ಹಾಕಿದೆ. ಒಂದನ್ನು ವಾಪಸ್ ತಂದು ಬಿಚ್ಚಿ, 2002ರ ಒಂದು ಲಗ್ನಪತ್ರಿಕೆ ತೆರೆದೆ. ‘ಶುಭವಿವಾಹ’ ಒತ್ತು, ದೀರ್ಘ ಎಲ್ಲ ಸರಿಯಾಗಿ ಕೂತಿದೆ.

22ರ ಪಟ್ಟಿ ಬರೆದ ಪೇಪರನ್ನು ಕೀಬೋರ್ಡ್ ಕೆಳಗೆ ಇಟ್ಟಿದ್ದೇನೆ. ಬ್ಯಾಟರಿ ಎಲ್ಲಿ ಸಿಗುತ್ತೆ ಹೇಳಿ.

ಹಳೇಮ್ಯಾಕ್:

ಅರ್ಧ ಎಎ ಸೈಜ್, 3.6 ವೋಲ್ಟ್, ಲಿಥಿಯಮ್. 1.5 ವೋಲ್ಟ್‌ನ ಮಾಮೂಲಿ ಸೆಲ್ ಹಾಕಬೇಡಿ. ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡ್‌ನಲ್ಲಿ ಈ ಸೈಜ್ ಹೇಳಿ ಕೇಳಿ. ಹಳೆಯದನ್ನು ಆದಷ್ಟು ಬೇಗ ತೆಗೆಸಿ, ಸೋರಿದರೆ ಬೋರ್ಡ್ ತಿಂದುಹಾಕುತ್ತದೆ. ಪ್ಲಗ್ ಕಿತ್ತಿಟ್ಟು ಮಾಡಿ, ಪಿಕ್ಚರ್ ಟ್ಯೂಬ್ ಕಡೆಗೆ ಮಾತ್ರ ಕೈ ಹಾಕಬೇಡಿ. ಅದರಲ್ಲಿ ಕರೆಂಟ್ ಉಳಿದಿರುತ್ತದೆ, ಟಿವಿ ರಿಪೇರಿ ಗೊತ್ತಿರುವ ಯಾರಾದರೂ ಪಕ್ಕದಲ್ಲಿದ್ದರೆ ಒಳ್ಳೆಯದು.

ಆ ಲಗ್ನಪತ್ರಿಕೆಯ ಒಂದು ಫೋಟೊ ಇಲ್ಲಿ ಹಾಕ್ತೀರಾ? ಆಗಿನ ಕನ್ನಡ ಫಾಂಟ್ ನೋಡಿ ತುಂಬಾ ದಿನ ಆಯಿತು.